ಗಾಜಿನ ಸೂಜಿಯ ಅಕ್ಕೋರು

ಅಕ್ಕೋರ ಬಲಗೈ ಹೆಬ್ಬೆರಳಿಗೂ ತೋರುಬೆರಳಿಗೂ ಗೆರೆಗಳೇ ಇರಲಿಲ್ಲ. ಬಿಸಿ ಗಾಜು ಮುಟ್ಟಿ ಮುಟ್ಟಿ ಆ ಬೆರಳುಗಳ ತುದಿಗಳು ಹುಣಸೆಬೀಜದ ಹಾಗೆ ನುಣುಪಾಗಿ ಹೊಳೆಯುತ್ತಿದ್ದವು. ಬ್ಯಾಂಕಿನಲ್ಲಾಗಲಿ, ಸಿಮ್ ಕಾರ್ಡಿನ ಅಂಗಡಿಯಲ್ಲಾಗಲಿ ಬೆರಳು ಒತ್ತಿ ಅಂದರೆ ಯಂತ್ರ ಕೆಂಪು ದೀಪ ತೋರಿಸಿ ಒಲ್ಲೆ ಅನ್ನುತ್ತಿತ್ತು. 'ನೋಡಲೇ, ಸರ್ಕಾರದ ಪ್ರಕಾರ ನಾ ಇನ್ನೂ ಹುಟ್ಟೇ ಇಲ್ಲ' ಎಂದು ನಗುತ್ತಾ ಎಡಗೈ ಒತ್ತಿ ಬರುತ್ತಿದ್ದರು.

ಅಕ್ಕೋರು ಅಂದರೆ ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರು. ಇವರು ಕಲಿಸುತ್ತಿದ್ದದ್ದು ವಿಶ್ವವಿದ್ಯಾಲಯದಲ್ಲಿ, ಭೌತಶಾಸ್ತ್ರ. ಆದರೂ ಕೊಟ್ಟೂರಿನ ಓಣಿಯವರಿಗೆ ಅವರು ಅಕ್ಕೋರೇ, ಅವರ ಶಿಷ್ಯರಾಗಿ ದೊಡ್ಡ ದೊಡ್ಡ ಹುದ್ದೆ ಹಿಡಿದವರಿಗೂ ಅಕ್ಕೋರೇ. ಪ್ರಯೋಗಾಲಯದಲ್ಲಿ ಹುಟ್ಟಿದ ವಸ್ತುವನ್ನು ಅಧ್ಯಾಪಕರೇ ಕಂಪನಿ ಕಟ್ಟಿ ಹೊರಗಿನವರಿಗೆ ಮಾಡಿಕೊಡಬಹುದು ಎಂದು ವಿಶ್ವವಿದ್ಯಾಲಯ ಹೇಳಿದಾಗ, ಅಲ್ಲಿಂದ ಹೊರಬಿದ್ದ ಮೊದಲ ಕಂಪನಿ ಅವರದು. ಕಂಪನಿ ಅಂದಕೂಡಲೇ ಗಾಜಿನ ಕಟ್ಟಡ, ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಮಂದಿ ಅಂದುಕೊಳ್ಳಬೇಡಿ. ಒಂದು ಕೋಣೆ, ಒಂದು ಮೈಕ್ರೋಸ್ಕೋಪು, ಗಾಜು ಕಾಯಿಸಿ ಎಳೆಯುವ ಒಂದು ಯಂತ್ರ, ಅಕ್ಕೋರು, ಮತ್ತು ನಾನು.

ನಾವು ಮಾಡುತ್ತಿದ್ದದ್ದು ಗಾಜಿನ ಸೂಜಿ. ಅದರ ಮೊನೆಯ ಪಕ್ಕ ತಲೆಗೂದಲು ಇಟ್ಟರೆ ಕೂದಲು ಒನಕೆಯಂತೆ ಕಾಣುತ್ತಿತ್ತು. ಸಂಶೋಧಕರು ಆ ಸೂಜಿಯನ್ನು ಒಂದೇ ಒಂದು ಜೀವಕೋಶದೊಳಗೆ ಇಳಿಸಿ ಅಲ್ಲಿ ಹರಿಯುವ ವಿದ್ಯುತ್ತನ್ನು ಅಳೆಯುತ್ತಾರೆ. ಕೆಲವು ಸೂಜಿಗಳೊಳಗೆ ಚಿನ್ನದ ಎಳೆ ಕೂರಿಸುತ್ತಿದ್ದೆವು. ಅವು ಎಲೆಯೊಳಗೆ ಆಮ್ಲಜನಕ ಎಷ್ಟಿದೆ ಎಂದು ಹೇಳುವ ಸೆನ್ಸರುಗಳು. ನಾನು ಬಿ.ಎಸ್ಸಿ. ಮುಗಿಸಿ ಕಾನಹೊಸಹಳ್ಳಿಯ ಮನೆಯಲ್ಲಿ ಸುಮ್ಮನೆ ಕುಳಿತಿದ್ದಾಗ ಈ ಕೆಲಸ ಸಿಕ್ಕಿತು. ಕುರಿ ಕಾಯುವ ನಮ್ಮಪ್ಪ ಎಲ್ಲವನ್ನೂ ಕೇಳಿಸಿಕೊಂಡು, 'ಕಣ್ಣಿಗೆ ಕಾಣದ್ದು ಮಾಡಾಕ ಕೆಲಸಕ್ಕಿಟ್ಟುಕೊಂಡಾರಂತ. ಮಾಡೀಯೋ ಬಿಟ್ಟೀಯೋ ಹೆಂಗ ಗೊತ್ತಾಗತೈತಿ ಅವರಿಗೆ?' ಅಂದಿದ್ದ.

ವಿಶ್ವವಿದ್ಯಾಲಯದ ಮುಂದಿನ ರಸ್ತೆಯಲ್ಲಿ ಅದಿರಿನ ಲಾರಿಗಳು ಓಡಾಡಿ ಮೇಜೆಲ್ಲ ನಡುಗುತ್ತಿತ್ತು, ಸೂಜಿ ನಿಲ್ಲುತ್ತಿರಲಿಲ್ಲ. ಅದಕ್ಕೇ ಅಕ್ಕೋರು ಕಂಪನಿಯನ್ನು ಕೊಟ್ಟೂರಿನ ತಮ್ಮ ಮನೆಯ ಹಿಂದಿನ ಕಲ್ಲುಕೋಣೆಗೆ ತಂದಿದ್ದರು. ಮೊದಲು ಕಾಳು ತುಂಬುತ್ತಿದ್ದ ಕೋಣೆ. ಗೋಡೆ ಕೋಟೆಯಷ್ಟು ದಪ್ಪ, ಇದ್ದದ್ದು ಒಂದೇ ಕಿಟಕಿ, ಅದಕ್ಕೂ ರಟ್ಟು ಬಡಿದಿದ್ದರು. ಗಾಜು ಕಾದು ಮೆತ್ತಗಾದ ಗಳಿಗೆಯಲ್ಲಿ ಒಂದಿಷ್ಟು ಗಾಳಿ ಸುಳಿದರೂ ಮೊನೆ ಸೊಟ್ಟಗಾಗುತ್ತದೆ. ಆದ್ದರಿಂದ ಫ್ಯಾನಿಲ್ಲ. ಬಾಗಿಲು ತೆಗೆಯುವಂತಿಲ್ಲ. ಬೆಳಗ್ಗೆ ನೆಲಕ್ಕೆ ನೀರು ಚಿಮುಕಿಸಿ, ಧೂಳು ಕೂತ ಮೇಲೆ ಒಳಗೆ ಹೋಗಿ ಅಗಳಿ ಹಾಕಿಕೊಂಡರೆ ಮಧ್ಯಾಹ್ನದ ಊಟಕ್ಕೇ ಹೊರಗೆ. ನಮ್ಮ ಸೀಮೆಯ ಬಿಸಿಲು ನಿಮಗೆ ಗೊತ್ತಿದ್ದರೆ ಏಪ್ರಿಲ್ ತಿಂಗಳಿನಲ್ಲಿ ಆ ಕೋಣೆ ಹೇಗಿರುತ್ತಿತ್ತು ಎಂದು ನಾನು ಹೇಳಬೇಕಿಲ್ಲ. ಬೆವರು ಹುಬ್ಬಿನಿಂದ ಮೂಗಿಗೆ, ಮೂಗಿನಿಂದ ತುಟಿಗೆ ಇಳಿಯುತ್ತಿದ್ದರೂ ಒರೆಸಿಕೊಳ್ಳಲು ಕೈ ಎತ್ತುವಂತಿರಲಿಲ್ಲ. 'ಉಸಿರು ಆಮ್ಯಾಲ ಬಿಡು, ಮೊದಲು ಸೂಜಿ' ಎನ್ನುತ್ತಿದ್ದರು. ಮೊದಲ ಬೇಸಿಗೆಯಲ್ಲಿ ಒಮ್ಮೆ ನಾನು ತಲೆ ತಿರುಗಿ ಕೂತುಬಿಟ್ಟೆ. ಅಕ್ಕೋರು ಮಜ್ಜಿಗೆ ಕುಡಿಸಿ, ಕಾಲು ನೀಡಿ ಮಲಗಿಸಿ, ತಾವು ಮತ್ತೆ ಒಳಗೆ ಹೋಗಿ ಅಗಳಿ ಹಾಕಿಕೊಂಡರು.

ನಾನು ಬಾಯಿ ಮುಚ್ಚಿಕೊಂಡಿರುವವಳಲ್ಲ. ಒಂದು ದಿನ ಊಟದ ಹೊತ್ತಿನಲ್ಲಿ ಕೇಳಿಯೇ ಬಿಟ್ಟೆ: 'ಅಲ್ರಿ ಅಕ್ಕೋರ, ಯಾಕ್ರೀ ಈ ಹಣೆಬರಾ ನಿಮಗ?'

ಅವರು ರೊಟ್ಟಿ ಮುರಿಯುತ್ತಾ ಪಡಸಾಲೆಯ ಕುಂಡಗಳತ್ತ ಗಲ್ಲ ತೋರಿಸಿದರು. ಆ ಕುಂಡಗಳ ತುಂಬ ಮುಟ್ಟಿದರೆ ಮುನಿ ಗಿಡಗಳು. ಹರೆಯದಲ್ಲಿ ಅವರು ಹಿಡಿದಿದ್ದ ಸಂಶೋಧನೆ ಅದೊಂದೇ. ಆ ಗಿಡವನ್ನು ಮುಟ್ಟಿದರೆ ಎಲೆ ಮುಚ್ಚಿಕೊಳ್ಳುತ್ತದೆ, ಎಲ್ಲರಿಗೂ ಗೊತ್ತು. ಆದರೆ ಮೇಲಿಂದ ಮೇಲೆ ಒಂದೇ ಥರ ಮುಟ್ಟುತ್ತಾ ಇದ್ದರೆ ಒಂದು ಹೊತ್ತಿಗೆ ಮುಚ್ಚುವುದನ್ನೇ ಬಿಡುತ್ತದೆ. ದಣಿದು ಬಿಡುತ್ತದೋ, ಇದರಿಂದ ಅಪಾಯವಿಲ್ಲ ಎಂದು ತಿಳಿದು ಬಿಡುತ್ತದೋ? ತಿಳಿಯುವುದು ಅಂತ ಗಿಡಕ್ಕೂ ಇದ್ದರೆ ಅದನ್ನು ಎಲ್ಲಿ ಇಟ್ಟುಕೊಂಡಿರುತ್ತದೆ? ಅದನ್ನು ನೋಡಲು ಎಲೆಯ ಬುಡದ ಒಂದೊಂದೇ ಕೋಶಕ್ಕೆ ಸೂಜಿ ಇಳಿಸಬೇಕಿತ್ತು. ಆಗ ಅಂಥ ಸೂಜಿ ಸಿಗದೆ, ತಾವೇ ಮಾಡುವುದನ್ನು ಕಲಿತರು. ನೋಡಿದವರು ನಮಗೂ ಬೇಕು ಅಂದರು. ಶಿಷ್ಯರು ಕೇಳಿದರು, ಶಿಷ್ಯರ ಶಿಷ್ಯರು ಕೇಳಿದರು, ಆಮೇಲೆ ಕಂಪನಿಯೇ ಆಯಿತು.

'ಹೊಲ ಉಳಾಕಂತ ನೇಗಿಲಾ ಮಾಡಿದೆ' ಅಂದರು. 'ಊರಿಗೆಲ್ಲಾ ನೇಗಿಲಾ ಮಾಡಿಕೋತ ಕುಂತೆ. ನನ್ನ ಹೊಲ ಬೀಳು ಬಿತ್ತು.'

'ಬಿಟ್ಟುಬಿಡ್ರಿ ಮತ್ತ.'

'ಹೆಂಗ ಬಿಡ್ಲಿ ಯವ್ವಾ? ಅವರ ಕೆಲಸಾ ನಿಲ್ಲಂಗಿಲ್ಲೇನು?'

ಅದು ಸುಳ್ಳೇನಾಗಿರಲಿಲ್ಲ. ವಾರಕ್ಕೊಬ್ಬರಾದರೂ ಫೋನು ಮಾಡುತ್ತಿದ್ದರು. 'ಅಕ್ಕೋರೇ, ನಿಮ್ಮ ಸೂಜಿ ಬರದಿದ್ದರೆ ನಮ್ಮ ಪ್ರಯೋಗ ನಿಂತ ಹಾಗೆ.' ಅಕ್ಕೋರು ಫೋನು ಇಟ್ಟು, ಕುಂಡಗಳ ಕಡೆ ಒಮ್ಮೆ ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ನಡೆಯುತ್ತಿದ್ದರು. ಈ ಮಳೆಗಾಲ ಮುಗಿಯಲಿ, ಈ ಆರ್ಡರು ಹೋಗಲಿ, ಆಮೇಲೆ ಗಿಡದ ಕೆಲಸ ಹಿಡಿಯುತ್ತೇನೆ ಎಂದು ಹೇಳುತ್ತಲೇ ಇದ್ದರು. ಗಿಡಗಳಿಗೆ ನೀರು ಹಾಕುವುದನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ಸೂಜಿ ಎಳೆಯುವುದು, ತೊಳೆಯುವುದು, ಕಟ್ಟುವುದು ನನ್ನ ಕೆಲಸ. ಕೊನೆಯದು ಅವರದು: ಮೈಕ್ರೋಸ್ಕೋಪಿನ ಕೆಳಗೆ ಮೊನೆಯ ಬಾಯಿಗೆ ಸಣ್ಣ ಶಾಖ ಕೊಟ್ಟು ನುಣುಪು ಮಾಡುವುದು. ಅದನ್ನು ನನಗೆ ಬಿಟ್ಟುಕೊಡುತ್ತಿರಲಿಲ್ಲ. 'ನನ್ನ ಕೈ ಅಂತ ನಂಬಿ ತರಿಸ್ತಾರ. ನಾನ ಮಾಡಬೇಕು' ಅನ್ನುತ್ತಿದ್ದರು. ಮೊದಲೆಲ್ಲ ಮುಗಿದ ಸೂಜಿಗಳನ್ನು ಉಪ್ಪುನೀರಿನಲ್ಲಿ ಇಳಿಸಿ, ವಿದ್ಯುತ್ತು ಸೋರುತ್ತದೋ ಎಂದು ಪರೀಕ್ಷೆ ಮಾಡುತ್ತಿದ್ದರಂತೆ, ಏಕೆಂದರೆ ಗಾಜಿನೊಳಗಿನ ಸೀಳು ಮೈಕ್ರೋಸ್ಕೋಪಿಗೂ ಕಾಣುವುದಿಲ್ಲ. ನಾನು ಬರುವ ಹೊತ್ತಿಗೆ ಅದು ನಿಂತುಹೋಗಿತ್ತು. 'ನೀವು ಕಳಿಸಿದ್ದಕ್ಕೆ ಪರೀಕ್ಷೆ ಯಾಕ್ರಿ ಅಕ್ಕೋರೇ, ಸುಮ್ಮನೆ ನಡು ನೋಯಿಸಿಕೊಳ್ಳಬೇಡಿ' ಎಂದು ಶಿಷ್ಯರೇ ಬಿಡಿಸಿದ್ದರು.

ಅಷ್ಟರಲ್ಲಿ ಅವರ ಕೈ ನಡುಗಲು ಶುರುವಾಯಿತು. ಮೊದಮೊದಲು ಚಹಾ ಕುಡಿಯುವಾಗ ಕಪ್ಪಿನ ಕೆಳಗಿನ ಬಸಿ ಕಟಕಟ ಅನ್ನುತ್ತಿತ್ತು. ನಾನು ನೋಡಿದರೆ ಬಸಿಯನ್ನು ಕೆಳಗಿಟ್ಟುಬಿಡುತ್ತಿದ್ದರು. ದಾವಣಗೆರೆಯ ಡಾಕ್ಟರು ಗುಳಿಗೆ ಕೊಟ್ಟು, ಕೈಗೆ ವಿಶ್ರಾಂತಿ ಕೊಡಿ ಅಂದರು. ಅಕ್ಕೋರು ಮನೆಗೆ ಬಂದು ಹಳೇ ಇಳಕಲ್ ಸೀರೆಯ ಅಂಚು ಹರಿದು ಪಟ್ಟಿ ಮಾಡಿದರು. ಮರುದಿನ ಮುಂಗೈಯನ್ನು ಮೇಜಿನ ಮೇಲಿಟ್ಟು, 'ಕಟ್ಟಲೇ' ಅಂದರು.

'ಏನ್ ಕಟ್ಟಲಿ ರೀ?'

'ನನ್ನ ಕೈ. ಮೇಜಿಗೆ. ದನಾ ಕಟ್ಟಿದಂಗ ಬಿಗಿ ಕಟ್ಟು.'

ಅಂದಿನಿಂದ ದಿನಾ ಬೆಳಗ್ಗೆ ಅವರ ಕೈಯನ್ನು ಮೇಜಿಗೆ ಕಟ್ಟುವುದೂ ನನ್ನ ಕೆಲಸವಾಯಿತು. ಊಟಕ್ಕೆ ಬಿಚ್ಚಿದಾಗ ಮುಂಗೈ ಮೇಲೆ ಸೀರೆಯಂಚಿನ ಗುರುತು ಮೂಡಿರುತ್ತಿತ್ತು. ಕಟ್ಟುವಾಗ ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಸಿಟ್ಟು ಅಂದರೆ ಹೇಳಲು ಬರುತ್ತಿರಲಿಲ್ಲ. ಬೆಳಗ್ಗೆ ಊರಿಂದ ಬರುವ ಬಸ್ಸು ಕೂಡ್ಲಿಗಿ ದಾಟಿ ಕೊಟ್ಟೂರು ಹತ್ತಿರ ಬಂದಂತೆಲ್ಲ ಇಳಿದು ವಾಪಸ್ಸು ಹೋಗಿಬಿಡಲೇ ಅನ್ನಿಸುತ್ತಿತ್ತು. ಇವತ್ತೂ ಆ ಅಗಳಿ, ಇವತ್ತೂ ಆ ಪಟ್ಟಿ. ಇವರ ಕೈ ಪೂರ್ತಿ ಹೋಗುವುದರೊಳಗೆ ಇವರು ಈ ಕೋಣೆಯಿಂದ ಹೊರಗೆ ಬಂದು ತಮ್ಮ ಗಿಡದ ಮುಂದೆ ಕೂರುತ್ತಾರೋ ಇಲ್ಲವೋ ಅನ್ನುವುದೊಂದೇ ನನ್ನ ಚಿಂತೆ. ನಮ್ಮವ್ವ ಮೈಲಾರಲಿಂಗನಿಗೆ ಹರಕೆ ಕಟ್ಟು ಅಂದಳು. ಕಟ್ಟಿದೆ.

ಕೊರಿಯರಿನಲ್ಲಿ ಕಳಿಸಿದರೆ ಗಾಜು ಪುಡಿ. ಹಾಗಾಗಿ ದೊಡ್ಡ ಆರ್ಡರನ್ನು ನಾನೇ ತೊಡೆಯ ಮೇಲಿಟ್ಟುಕೊಂಡು ಒಯ್ಯುತ್ತಿದ್ದೆ. ಹಗರಿಬೊಮ್ಮನಹಳ್ಳಿಯ ಹತ್ತಿ ಜಿನ್ನಿನಿಂದ ತಂದ ಅರಳೆಯಲ್ಲಿ ಸೂಜಿಗಳನ್ನು ಹುದುಗಿಸಿ, ಡಬ್ಬಿಗೆ ಕೆಂಪು ದಾರ ಸುತ್ತಿ, ಕುರಿಮರಿಗೆ ಹಾಕುವಂಥ ಗಂಟು ಹಾಕುತ್ತಿದ್ದೆ. ಕಂಡಕ್ಟರುಗಳು ಪ್ರತಿ ಸಲ ಕೇಳುವುದೇ: 'ಏನವ್ವಾ ಅದು, ಕೋಳಿ ತತ್ತಿನಾ?' ಸಾಮಾನ್ಯವಾಗಿ ಯಾರಾದರೂ ಬಸ್‌ಸ್ಟ್ಯಾಂಡಿಗೇ ಬಂದು ಡಬ್ಬಿ ಇಸಿದುಕೊಂಡು ಹೋಗುತ್ತಿದ್ದರು. ಒಂದು ಸಲ ಬೆಂಗಳೂರಿನಲ್ಲಿ ಯಾರೂ ಬರಲಿಲ್ಲ. ಕೇಳಿಕೊಂಡು ಕೇಳಿಕೊಂಡು ಪ್ರಯೋಗಾಲಯಕ್ಕೇ ಹೋದೆ. ಅಲ್ಲಿಯ ಮುಖ್ಯಸ್ಥರು ಹರಪನಹಳ್ಳಿ ಕಡೆಯವರು, ಅಕ್ಕೋರ ಹಳೆಯ ಶಿಷ್ಯರು. ಅವರು ಮೀಟಿಂಗಿನಲ್ಲಿದ್ದರು. ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಡಬ್ಬಿ ತೆಗೆದುಕೊಂಡು, ಇಡಲು ಮೂಲೆಯ ಬೀರು ತೆಗೆದಳು.

ಬೀರುವಿನ ತುಂಬ ನಮ್ಮ ಡಬ್ಬಿಗಳು. ಒಂದರ ಮೇಲೊಂದು, ಮೇಲಿನ ಹಲಗೆಯವರೆಗೆ. ಕೆಂಪು ದಾರದ ಗಂಟು ನಾನು ಹಾಕಿದ್ದು ಹಾಕಿದ ಹಾಗೇ ಇತ್ತು. ಮುಂದಿನ ಸಾಲಿನ ಡಬ್ಬಿಗಳ ಮೇಲೆ ಒಣಗಿದ ಅರಿಶಿನ, ಕುಂಕುಮ, ಒಂದು ಬಾಡಿದ ಚೆಂಡುಹೂವು.

'ಇವನ್ನ ತೆರೆದೇ ಇಲ್ವಾ?' ಎಂದು ಕೇಳಿದೆ.

ಪಾಪ, ಆ ಹುಡುಗಿಗೆ ನಾನು ಯಾರೆಂದು ಗೊತ್ತಿರಲಿಲ್ಲ, ಡಬ್ಬಿ ತಂದುಕೊಟ್ಟವಳು ಅಷ್ಟೇ. 'ಅಯ್ಯೋ, ಇವನ್ನ ನಾವು ಬಳಸಲ್ಲ. ಮೊದಲೊಂದಿಷ್ಟು ಡಬ್ಬಿ ತೆಗೆದು ನೋಡಿದಾಗ ಎಲ್ಲದರಲ್ಲೂ ಸೀಳು ಬಿಟ್ಟಿತ್ತು. ಹೊರದೇಶದ್ದು ತರಿಸ್ತೀವಿ. ಇವು ನಮ್ಮ ಸರ್ ಅವರ ಗುರುಗಳು ಮಾಡಿದ್ದು. ಬಂದ ಕೂಡಲೇ ಕಣ್ಣಿಗೊತ್ತಿಕೊಂಡು ಇಲ್ಲಿಡ್ತಾರೆ. ಆಯುಧಪೂಜೆಗೆ ಪೂಜೇನೂ ಮಾಡ್ತಾರೆ' ಅಂದಳು.

ಮುಖ್ಯಸ್ಥರು ಬಂದವರು ತೆರೆದ ಬೀರು ನೋಡಿದರು, ನನ್ನನ್ನು ನೋಡಿದರು. ಹುಡುಗಿಯನ್ನು ಹೊರಗೆ ಕಳಿಸಿದರು. ಕೈಮುಗಿಯುವುದೊಂದು ಬಾಕಿ. 'ಅಕ್ಕೋರಿಗೆ ಹೇಳ್ಬೇಡಮ್ಮ. ನಾವು ಶಿಷ್ಯರೆಲ್ಲ ಮಾತಾಡ್ಕೊಂಡೀವಿ, ಆರ್ಡರು ನಿಲ್ಲಿಸಬಾರದು ಅಂತ. ಎಲ್ಲರ ಹತ್ರಾನೂ ಹಿಂಗೇ ಐತೆ. ನಿಲ್ಲಿಸಿದ್ರೆ ಆ ಜೀವ ಉಳಿಯಲ್ಲ. ನಮಗೆ ವಿದ್ಯೆ ಕೊಟ್ಟ ಕೈ ಅದು.'

'ಆ ಕೈನ ದಿನಾ ಮೇಜಿಗೆ ಕಟ್ಟತೀನ್ರಿ ನಾನು' ಅಂದೆ. ಅವರಿಗೆ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳದೆ ಬಸ್‌ಸ್ಟ್ಯಾಂಡಿಗೆ ನಡೆದೆ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಯೋಚನೆ. ಹೇಳಿದರೆ ಅಕ್ಕೋರ ಎದೆ ಒಡೆದೀತು. ಹೇಳದಿದ್ದರೆ ನಾಳೆ ಬೆಳಗ್ಗೆ ಅಗಳಿ ಹಾಕಿ, ಪಟ್ಟಿ ಬಿಗಿದು, ಯಾರೂ ತೆರೆಯದ ಡಬ್ಬಿಗೆ ಸೂಜಿ ತುಂಬಬೇಕು. ಎತ್ತ ಹೋದರೂ ಗೋಡೆ. ನಾನಾದರೂ ಯಾರು? ಓದಿದವರೆಲ್ಲ ಸೇರಿ ಆಡಬಾರದು ಎಂದು ತೀರ್ಮಾನಿಸಿದ ಮಾತನ್ನು ಆಡಲು ನನಗೇನು ಅಧಿಕಾರ? ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿ ಕೂತಿದ್ದ ಮುದುಕಿ ನಾನು ತವರಿನಿಂದ ಬರುತ್ತಿದ್ದೇನೆ ಅಂದುಕೊಂಡು ಒಂದು ಬಾಳೆಹಣ್ಣು ಕೊಟ್ಟಳು.

ಮರುದಿನ ಅಕ್ಕೋರು ಎಂದಿನಂತೆ ಮುಂಗೈ ಇಟ್ಟು, 'ಕಟ್ಟಲೇ' ಅಂದರು. ನಾನು ಪಟ್ಟಿ ಹಿಡಿದು ನಿಂತೆ.

'ಒಲ್ಲೆ ರೀ ಅಕ್ಕೋರ.'

'ಯಾಕ, ಏನಾತು?'

ಹೇಳಿದೆ. ಎಲ್ಲಾ ಹೇಳಿದೆ. ಬೀರು, ದಾರದ ಗಂಟು, ಕುಂಕುಮ, ಸೀಳು, ಹೊರದೇಶದ ಸೂಜಿ, ಶಿಷ್ಯರ ಒಪ್ಪಂದ, ಯಾವುದನ್ನೂ ಬಿಡಲಿಲ್ಲ. ಅವರು ಕೇಳುತ್ತಾ ಕೇಳುತ್ತಾ ತಮ್ಮ ಕೈಯನ್ನೇ ನೋಡುತ್ತಿದ್ದರು, ಅದು ಮೇಜಿನ ಮೇಲೆ ತನ್ನಷ್ಟಕ್ಕೆ ನಡುಗುತ್ತಿತ್ತು. ಆಮೇಲೆ ಕೇಳಿದರು: 'ಕುಂಕುಮ ಹಚ್ಚ್ಯಾನೇನು?'

'ಹೂಂ ರೀ. ಹೂವಾನೂ ಇಟ್ಟಾರ.'

ಅಕ್ಕೋರು ನಕ್ಕರು. ಖರೇ ಹೇಳುತ್ತೇನೆ, ಹೊಟ್ಟೆ ಹಿಡಿದುಕೊಂಡು ನಕ್ಕರು. 'ಎಲಾ ಇವನ! ಸತ್ತೋರ ಫೋಟೋಕ್ಕ ಹಚ್ಚಿದಂಗ ಹಚ್ಚ್ಯಾನಲ್ಲೇ!' ನಗುನಗುತ್ತಲೇ ಅಳಲು ಶುರುಮಾಡಿದರು. ನಾನೂ ಅತ್ತೆ. ಬಾಗಿಲು ಹಾಕಿತ್ತು, ಸೆಕೆ ಹೊಡೆಯುತ್ತಿತ್ತು, ಗಾಜು ಕಾಯಿಸಲು ಹಚ್ಚಿದ ಯಂತ್ರ ಸುಮ್ಮನೆ ಉರಿಯುತ್ತಿತ್ತು, ನಾವಿಬ್ಬರೂ ಕೂತು ಅತ್ತೆವು.

ಆಮೇಲೆ ಫೋನು ತಗೊಂಡರು. ಒಬ್ಬೊಬ್ಬರಿಗೇ ಮಾಡಿದರು. ಎಂಥೆಂಥಾ ದೊಡ್ಡ ಮನುಷ್ಯರು, ಎಲ್ಲರಿಗೂ 'ಲೇ' ಎಂದೇ ಶುರು. 'ಲೇ, ನನ್ನ ಮ್ಯಾಲ ಅಷ್ಟು ಕನಿಕರ ಬಂತೇನೋ ನಿನಗ?' ಹರಪನಹಳ್ಳಿಯವರು ಅತ್ತಲಿಂದ, 'ಅಕ್ಕೋರೇ, ನೀವು ಮನಸಿಗೆ ಹಚ್ಕೊಂತೀರಿ ಅಂತ...' ಎಂದು ಏನೋ ಹೇಳಲು ಹೋದರು. 'ಈ ಕುಲುಮಿ ಒಳಗ ನಾ ಬೇಯೋದು ನಡೀತದ, ಮನಸಿಗೆ ಹಚ್ಚಿಕೊಳ್ಳೋದು ನಡಿಯಂಗಿಲ್ಲೇನೋ? ಪರೀಕ್ಷಾದಾಗ ನೀ ತಪ್ಪು ಬರೆದಾಗ ನಾ ಸರಿ ಅಂತ ಮಾರ್ಕು ಹಾಕಿದ್ನೇನು?' ಅಂದರು. ಕೂಡಲೇ ಫೋನಿಟ್ಟು ಮುಂದಿನವರ ನಂಬರು ಒತ್ತಿದರು.

ಎಲ್ಲ ಮುಗಿದ ಮೇಲೆ ನನಗೆ ಅಂದರು, 'ಅವರ ಕೆಲಸಾ ನಿಲ್ಲಬಾರದಂತ ನಾ ಕುಂತೆ. ನನ್ನ ಜೀವಾ ನಿಲ್ಲಬಾರದಂತ ಅವರು ತರಿಸಿದರು. ಇಬ್ಬರೂ ಒಬ್ಬರಿಗೊಬ್ಬರು ಕೀಲಿ ಹಾಕಿಕೋತ ಬಂದ್ವಿ. ಕೆಟ್ಟೋರು ಯಾರೂ ಇಲ್ಲ ನೋಡು ಇದರಾಗ. ಅದಕ್ಕ ಬಿಡಿಸಿಕೊಳ್ಳಾಕ ಆಗಲಿಲ್ಲ.'

ಕಂಪನಿ ನಿಂತಿತು. ವಿಶ್ವವಿದ್ಯಾಲಯದವರು ಬಂದು ತಮ್ಮ ಮೈಕ್ರೋಸ್ಕೋಪನ್ನು ಒಯ್ಯಲು ನೋಡಿದಾಗ ಅಕ್ಕೋರು, 'ನನ್ನ ಗಿಡದ ಕೆಲಸಾ ಮುಗದ ಮ್ಯಾಲ ಒಯ್ಯಿರಿ' ಅಂದರು. ಬಂದವರು ಅದನ್ನು ಅಲ್ಲೇ ಬಿಟ್ಟು ಹೋದರು. ಆದರೆ ಗಿಡಕ್ಕೂ ಸೂಜಿ ಬೇಕಲ್ಲ, ಅವರ ಕೈ ಹೋಗಿತ್ತು. ಆಗ ಕೊನೆಯ ಕೆಲಸವನ್ನೂ ನನಗೆ ಕಲಿಸಿದರು. ಬಗಲಲ್ಲಿ ನಿಂತು, ನನ್ನ ಮುಂಗೈ ಮೇಲೆ ತಮ್ಮ ಗೆರೆಯಿಲ್ಲದ ಬೆರಳಿಟ್ಟು, ಎಲ್ಲಿ ತಡೆಯಬೇಕು ಎಲ್ಲಿ ಬಿಡಬೇಕು ಎಂದು ಒತ್ತಿ ಒತ್ತಿ ತೋರಿಸಿದರು. ನನ್ನ ಮೊದಲ ಸೂಜಿಯನ್ನು ಉಪ್ಪುನೀರಿಗೆ ಇಳಿಸಿ ನೋಡಿ, 'ಇದು ಸೂಜಿ ಅಲ್ಲ, ಹಾರಿಕೋಲು. ಬಿಸಾಕು' ಅಂದರು. ಎರಡನೆಯದಕ್ಕೂ ಅದೇ. ಒಂದು ಮಳೆಗಾಲ ಪೂರ್ತಿ ನಾನು ಬೈಸಿಕೊಂಡೆ. ಒಂದು ಸಲವೂ ಪಾಪ ಹುಡುಗಿ ಎಂದು ಸುಳ್ಳು ಹೊಗಳಲಿಲ್ಲ. ದೀಪಾವಳಿಯ ಹೊತ್ತಿಗೆ ಒಂದು ಸೂಜಿ ನೋಡಿ ಏನೂ ಅನ್ನದೆ ಗಿಡದ ಹತ್ತಿರ ಒಯ್ದರು. ಬೈಯಲಿಲ್ಲವಲ್ಲ, ನನಗೆ ಮೈಲಾರದ ಜಾತ್ರೆಯಲ್ಲಿ ದೇವರ ಬಾಯಿಂದ ಒಳ್ಳೆಯ ಕಾರಣಿಕ ಕೇಳಿದಷ್ಟು ಖುಷಿಯಾಯಿತು.

ಸೂಜಿ ಕೋಶದೊಳಗೆ ಇಳಿಯಿತು. ಎಲೆ ಮುಟ್ಟಿದಾಗ ಕಂಪ್ಯೂಟರಿನ ಪರದೆಯ ಮೇಲೆ ಒಂದು ಗೆರೆ ಎದ್ದು ಬಿದ್ದಿತು. ಅಕ್ಕೋರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಬಾಯಿ ತೆರೆದುಕೊಂಡು, ಸಿನಿಮಾ ನೋಡುವ ಮಕ್ಕಳ ಹಾಗೆ ನೋಡಿದರು. 'ಇನ್ನೊಮ್ಮೆ' ಅಂದರು. ಮುಟ್ಟಿದೆ. 'ಇನ್ನೊಮ್ಮೆ.' ಆ ದಿನ ಅವರು ಊಟಕ್ಕೆ ಏಳಲಿಲ್ಲ. ನಾನೇ ಮಂಡಕ್ಕಿ ಮಿರ್ಚಿ ತಂದು ಪರದೆಯ ಮುಂದೆಯೇ ತಿನ್ನಿಸಿದೆ.

ಆದರೆ ತಡವಾಗಿತ್ತು. ಮೊದಲು ಕೈಗೆ ಬಂದ ರೋಗ ಆಮೇಲೆ ಕಾಲಿಗೂ, ನಾಲಿಗೆಗೂ ಬಂತು. ಎಲೆ ಎಲ್ಲಿಯವರೆಗೆ ಮುಚ್ಚುತ್ತದೆ, ಯಾವಾಗ ಬಿಡುತ್ತದೆ ಎಂಬಷ್ಟು ತನಕ ಬಂದೆವು. ದಣಿವೋ ತಿಳಿವೋ ಎಂಬ ಅವರ ಪ್ರಶ್ನೆಯ ಹತ್ತಿರಕ್ಕೂ ಹೋಗಲಿಲ್ಲ. ಅವರು ಹಾಸಿಗೆ ಹಿಡಿದ ಮೇಲೆ ನಾನು ಕುಂಡವನ್ನೇ ಮಂಚದ ಹತ್ತಿರ ಇಡುತ್ತಿದ್ದೆ. ಬೆರಳು ಚಾಚಲು ನೋಡುತ್ತಿದ್ದರು, ಬೆರಳು ಹೇಳಿದ ಮಾತು ಕೇಳುತ್ತಿರಲಿಲ್ಲ. ಕಣ್ಣು ಮಾತ್ರ ಅತ್ತಿತ್ತ ಓಡಾಡುತ್ತಿತ್ತು. ತಮ್ಮ ಮೈಯೊಳಗೇ ಸಿಕ್ಕಿಬಿದ್ದಿದ್ದರು. ಒಂದು ದಿನ ಕಷ್ಟಪಟ್ಟು ಕೇಳಿದರು: 'ಉಳದದ್ದು... ನೀ ಮಾಡ್ತೀ?' ಮಾಡುತ್ತೇನೆ ಅಂದೆ. 'ಸುಳ್ಳ ಹೇಳಬ್ಯಾಡ' ಅಂದರು. ಇಲ್ಲ ರೀ, ಮಾಡುತ್ತೇನೆ ಅಂದೆ. ಆಮೇಲೆ ಅವರು ಬಹಳ ದಿನ ಉಳಿಯಲಿಲ್ಲ. ಮಾಡುತ್ತಿದ್ದೇನೆ, ಇವತ್ತೂ ಅದೇ ಕಲ್ಲುಕೋಣೆಯಲ್ಲಿ, ಅದೇ ಸೆಕೆಯಲ್ಲಿ.

ಅವರು ತೀರಿಕೊಂಡ ಮೇಲೆ ಮಾಡಿದ ಶಿವಗಣಾರಾಧನೆಯ ದಿನ ಶಿಷ್ಯರೆಲ್ಲ ಬಂದಿದ್ದರು. ಓಣಿಯ ತುಂಬ ಕಾರು. ಒಬ್ಬರಾದ ಮೇಲೆ ಒಬ್ಬರು ಎದ್ದು ಅಕ್ಕೋರ ಕೈಯ ಗುಣ ಹೊಗಳಿದರು, ಅಂಥ ಕೈ ಇನ್ನು ಹುಟ್ಟುವುದಿಲ್ಲ ಅಂದರು. ನಾನು ಕಂಬಕ್ಕೆ ಆತು ಕೂತು ಕೇಳಿದೆ. ಇವರಲ್ಲಿ ಒಬ್ಬರು, ಒಬ್ಬರೇ ಒಬ್ಬರು, ಮೊದಲು ಸೀಳು ಬಿಟ್ಟ ಸೂಜಿ ಕಂಡ ದಿನವೇ ಫೋನು ಮಾಡಿ ಹೇಳಿದ್ದರೆ, ಅವರಿಗೆ ಕಾಲು, ನಾಲಿಗೆ ಎಲ್ಲ ನೆಟ್ಟಗಿರುವಾಗಲೇ ಇನ್ನೂ ಕೆಲವು ವರ್ಷ ಸಿಗುತ್ತಿದ್ದವು. ಅಷ್ಟು ಸಾಕಿತ್ತು ಅವರಿಗೆ.

ಊಟವಾದ ಮೇಲೆ ಹರಪನಹಳ್ಳಿಯವರು ನನ್ನ ಹತ್ತಿರ ಬಂದರು. ಕಣ್ಣು ಕೆಂಪಾಗಿದ್ದವು, ಅತ್ತದ್ದು ಸುಳ್ಳಲ್ಲ. ಮೆಲ್ಲಗೆ ಕೇಳಿದರು: 'ಅಕ್ಕೋರ ಕೈಯಿಂದ ಆದ ಸೂಜಿ ಒಂದಾದ್ರೂ ಉಳಿದೈತೇನಮ್ಮ? ನೆನಪಿಗೆ ಇಟ್ಕೊಂತೀನಿ.'

'ನಿಮ್ಮ ಬೀರುವಿನಾಗ ಅದಾವಲ್ರಿ ಸರ' ಅಂದೆ. 'ಒಂದಾದ್ರೂ ಬಿಚ್ಚಿ ನೋಡ್ರಿ.'